ಸ್ಟೆಪ್ನಿ ಇಲ್ಲದೆ ಹೊರಡದವರು

ದೆಹಲಿಯ ಸರ್ಕಾರಿ ಕಚೇರಿಗಳಲ್ಲಿ ದಿನಕ್ಕೆ ನೂರು ಸಲ ಕಿವಿಗೆ ಬೀಳುವ ಮಾತೊಂದಿದೆ: ‘ಹೋ ಜಾಯೇಗಾ’. ಆಗುತ್ತೆ ಬಿಡಿ ಎಂದರ್ಥ. ನಮ್ಮ ವಿಭಾಗದಲ್ಲಿ ಯಾರಾದರೂ ಹಾಗೆಂದರೆ, ಕಡತಗಳ ಹಿಂದಿನಿಂದ ಏರದ ಇಳಿಯದ ಒಂದು ದನಿ ‘ಕೌನ್ ಕರೇಗಾ?’ ಎಂದು ಕೇಳುತ್ತಿತ್ತು. ಯಾರು ಮಾಡುತ್ತಾರೆ? ಅದರಲ್ಲಿ ಸಿಟ್ಟಿರಲಿಲ್ಲ, ವ್ಯಂಗ್ಯವೂ ಇರಲಿಲ್ಲ. ಒಂದು ಹೆಸರು ಬೇಕಿತ್ತು, ಅಷ್ಟೆ. ಹೆಸರು ಸಿಕ್ಕ ಮೇಲೆ ಅದನ್ನು ಸಣ್ಣ ಚೀಟಿಯಲ್ಲಿ ಬರೆದು ಕಡತಕ್ಕೆ ಪಿನ್ನು ಮಾಡುತ್ತಿದ್ದರು. ಆ ದನಿಯ ಒಡತಿ ತೀರಿಕೊಂಡ ಸುದ್ದಿ ನನಗೆ ಹೋದ ವಾರ ತಿಳಿಯಿತು.

ಅವರು ನಮ್ಮ ದಾಖಲೆ ವಿಭಾಗದ ಸೂಪರಿಂಟೆಂಡೆಂಟ್. ಎಲ್ಲರಿಗೂ ಮೇಡಂ. ಹಾವೇರಿ ಕಡೆಯಿಂದ ಇಪ್ಪತ್ತೆರಡನೆಯ ವಯಸ್ಸಿಗೆ ಟೈಪಿಸ್ಟಾಗಿ ದೆಹಲಿಗೆ ಬಂದವರು. ಮದುವೆಯಾಗಿರಲಿಲ್ಲ. ಆರ್.ಕೆ.ಪುರಂನಲ್ಲಿ ನಮ್ಮದು ಮೊದಲ ಮಹಡಿ, ಅವರದು ನೆಲಮಹಡಿ. ಕಚೇರಿಯಲ್ಲೂ ಮನೆಯಲ್ಲೂ ಹತ್ತಿರವಿದ್ದರೂ ಅವರ ಮನೆಯೊಳಗೆ ನಾನು ಹೋದದ್ದು ನಾಲ್ಕೈದು ಸಲ ಇರಬಹುದು. ಅವರ ಜೊತೆ ತಮ್ಮನಿದ್ದ. ನಲವತ್ತು ದಾಟಿದ, ಎತ್ತರದ, ದಪ್ಪ ಮೈಯ ಮನುಷ್ಯ. ಬುದ್ಧಿ ಮಾತ್ರ ನಾಲ್ಕೈದು ವರ್ಷದ ಮಗುವಿನಷ್ಟಕ್ಕೇ ನಿಂತಿತ್ತು. ಮಾತು ಕಡಿಮೆ. ಹೊಸ ಮುಖ ಕಂಡರೆ ಗೋಡೆಯ ಕಡೆ ತಿರುಗುತ್ತಿದ್ದ. ದಿನವೆಲ್ಲ ಒಂದೇ ಕ್ರಮ: ಅದೇ ಹೊತ್ತಿಗೆ ಏಳುವುದು, ಅದೇ ತಟ್ಟೆಯಲ್ಲಿ ಉಣ್ಣುವುದು, ಸಂಜೆ ನಾಲ್ಕಕ್ಕೆ ಹೊರಗೆ ಸ್ಟೀಲ್ ಕುರ್ಚಿಯಲ್ಲಿ ಕುಳಿತು ಒಂದು ದೊಡ್ಡ ಲೋಟ ಚಹಾ ಕುಡಿಯುವುದು, ಒಳಗೆ ಹೋಗುವುದು. ಮೇಡಂ ಕಚೇರಿಯಲ್ಲಿದ್ದಾಗ ಒಬ್ಬ ಗಢವಾಲಿ ಮುದುಕಿ ಬಂದು ನೋಡಿಕೊಳ್ಳುತ್ತಿದ್ದಳು.

ಒಮ್ಮೆ ಅವರಿಗೆ ಒಂದು ಸೆಕ್ಟರಿನಿಂದ ಇನ್ನೊಂದಕ್ಕೆ ಮನೆ ಬದಲಾಗಿತ್ತಂತೆ. ನಡೆದರೆ ಕಾಲು ಗಂಟೆಯ ದೂರ. ಹೊಸ ಮನೆಯಲ್ಲಿ ತಮ್ಮ ಮಲಗಲಿಲ್ಲ, ಉಣ್ಣಲಿಲ್ಲ. ಹನ್ನೊಂದನೆಯ ದಿನ ಆಸ್ಪತ್ರೆಗೆ ಸೇರಿಸಿ ಮೂಗಿಗೆ ನಳಿಗೆ ಹಾಕಬೇಕಾಯಿತು. ಇದನ್ನು ಅವರು ನನಗೆ ಹೇಳಿದ್ದು ಕ್ಯಾಂಟೀನಿನಲ್ಲಿ, ರಜೆಯ ಅರ್ಜಿಯ ಬಗ್ಗೆ ಮಾತಾಡುತ್ತ, ನಡುವೆ. ಆ ಮೇಲೆ ಹದಿನೆಂಟು ವರ್ಷ ಅವರು ಎಲ್ಲಿಗೂ ಹೋಗಿರಲಿಲ್ಲ. ತಾಯಿ ಸತ್ತಾಗಲೂ ಊರಿಗೆ ಹೋಗಲಿಲ್ಲ. ಈಗ ನಿವೃತ್ತಿಗೆ ಮೂರು ವರ್ಷ ಉಳಿದಿತ್ತು. ನಿವೃತ್ತಿಯಾದ ಕೆಲವು ತಿಂಗಳಲ್ಲಿ ಸರ್ಕಾರಿ ಮನೆ ಬಿಡಬೇಕು. ನಾನು ಸಮಾಧಾನಕ್ಕೆಂದು ಇನ್ನೂ ಬೇಕಾದಷ್ಟು ಸಮಯವಿದೆ ಎಂದೆ. ಅವರು ತಟ್ಟೆ ಎತ್ತಿಕೊಂಡು ಹೋದರು.

ಬಸ್ಸುಗಳೆಲ್ಲ ಸಿ.ಎನ್.ಜಿ.ಗೆ ಬದಲಾಗಿ ಬಸ್‌ಸ್ಟಾಪುಗಳಲ್ಲಿ ಜನ ಗಂಟೆಗಟ್ಟಲೆ ನಿಲ್ಲುತ್ತಿದ್ದ ಕಾಲ ಅದು. ಅಂಥ ಒಂದು ಶನಿವಾರ, ಚಾಣಕ್ಯಪುರಿಯಲ್ಲಿ ದೇಶಕ್ಕೆ ಮರಳುತ್ತಿದ್ದ ಯಾರೋ ವಿದೇಶಿ ಅಧಿಕಾರಿ ತನ್ನ ಸಾಮಾನನ್ನೆಲ್ಲ ಹರಾಜು ಹಾಕಿದಾಗ ಮೇಡಂ ಹೋಗಿ ಒಂದು ಟ್ರೇಲರ್ ಕೊಂಡು ತಂದರು. ಜೀಪಿನ ಹಿಂದೆ ಕಟ್ಟಿ ಎಳೆದೊಯ್ಯುವ ಪುಟ್ಟ ಬಿಳಿ ಪೆಟ್ಟಿಗೆ. ಎರಡೇ ಚಕ್ರ. ಒಳಗೆ ಎದುರುಬದುರು ಎರಡು ಹಾಸಿಗೆ, ಮಡಚುವ ಮೇಜು, ಮುಂದೊಂದು ಹಿಂದೊಂದು ಕಿಟಕಿ. ರಜೆಯಲ್ಲಿ ಕಾಡು, ಕೆರೆ ಎಂದು ಹೋಗಿ ತಂಗಲು ಅವರ ದೇಶದಲ್ಲಿ ಇಂಥದ್ದನ್ನು ಇಟ್ಟುಕೊಳ್ಳುತ್ತಾರಂತೆ. ಅದನ್ನು ನಮ್ಮ ಕಟ್ಟಡದ ಹಿಂದೆ ಬೇವಿನ ಮರದ ಕೆಳಗೆ ನಿಲ್ಲಿಸಿದಾಗ ಇಡೀ ಬ್ಲಾಕು ನೋಡಲು ಬಂತು. ನನ್ನ ಮಗಳು ‘ಆಂಟಿ, ಯೇ ಘರ್ ಹೈ ಯಾ ಗಾಡಿ?’, ಇದು ಮನೆಯೋ ಗಾಡಿಯೋ, ಎಂದಳು. ಮೇಡಂ ಸ್ವಲ್ಪ ಯೋಚಿಸಿ, ಇನ್ನೂ ಗೊತ್ತಿಲ್ಲ ಎಂದರು.

ಅವರ ಲೆಕ್ಕಾಚಾರ ಸರಳವಾಗಿತ್ತು. ಹೊಸ ಮನೆಗೆ ತಮ್ಮ ಒಗ್ಗುವುದಿಲ್ಲ. ಹಾಗಾದರೆ ಈ ಮನೆಯಲ್ಲಿರುವಾಗಲೇ ಅವನನ್ನು ಇನ್ನೊಂದು ಕೋಣೆಗೆ ಒಗ್ಗಿಸುವುದು, ಮುಂದೆ ಆ ಕೋಣೆಯನ್ನೇ ಎಳೆದುಕೊಂಡು ಹೋಗುವುದು. ಮೊದಲ ತಿಂಗಳು ಅವನ ಸ್ಟೀಲ್ ಕುರ್ಚಿಯನ್ನು ಟ್ರೇಲರಿನ ಪಕ್ಕ ಹಾಕಿದರು, ಅಷ್ಟೆ. ಎರಡನೆಯ ತಿಂಗಳು ಬಾಗಿಲು ತೆರೆದಿಟ್ಟು ಒಳಗೆ ಅವನ ಹೊದಿಕೆಯನ್ನು ಇಟ್ಟರು. ಆಮೇಲೆ ದಿಂಬು. ಆಮೇಲೆ ಒಂದು ಮಧ್ಯಾಹ್ನ ಅವನೇ ಹತ್ತಿ ಹೋಗಿ ಕುಳಿತ. ಏಳು ತಿಂಗಳಾದ ಮೇಲೆ ಅವನು ಅಲ್ಲಿಯೇ ಮಲಗತೊಡಗಿದ. ಎದುರಿನ ಹಾಸಿಗೆಯಲ್ಲಿ ಇವರು.

ಆದರೆ ಟ್ರೇಲರನ್ನು ಅಲ್ಲಿಂದ ಒಂದು ಗಜ ಕದಲಿಸಲು ಅವರು ಒಪ್ಪಲಿಲ್ಲ. ಅದಕ್ಕೆ ಸ್ಟೆಪ್ನಿ, ಅಂದರೆ ಬದಲಿ ಚಕ್ರ, ಇರಲಿಲ್ಲ. ಚಕ್ರದ ಅಳತೆ ವಿದೇಶದ್ದು, ಬೋಲ್ಟುಗಳ ಎಣಿಕೆಯೂ ಬೇರೆ, ದೆಹಲಿಯಲ್ಲಿ ಅಂಥ ಚಕ್ರ ಎಲ್ಲೂ ಸಿಗುತ್ತಿರಲಿಲ್ಲ. ಪಂಕ್ಚರ್ ಆದರೆ ತೇಪೆ ಹಾಕಿಸಿದರಾಯಿತಲ್ಲ ಎಂದು ನಾನು ಕೇಳಿದೆ. ಟೈರು ಸಿಡಿದರೆ ಏನು ಮಾಡುವುದು, ಬೇರೆ ಟೈರು ಬರುವವರೆಗೆ ಅವನು ಟ್ರೇಲರ್ ಬಿಟ್ಟು ಬರುವುದಿಲ್ಲ, ಟ್ರೇಲರ್ ರಸ್ತೆ ಬಿಟ್ಟು ಬರುವುದಿಲ್ಲ ಎಂದರು.

ಹಳೆಯ ಗಾಡಿಗಳನ್ನು ಬಿಚ್ಚಿ ಮಾರುವ ಮಾಯಾಪುರಿಗೆ ಅವರು ಐದಾರು ಭಾನುವಾರ ಓಡಾಡಿದರು. ಎರಡು ಸಲ ನಾನೂ ಜೊತೆಗೆ ಹೋದೆ. ಎಣ್ಣೆ ನೆಲಕ್ಕೆ ಹೆಪ್ಪುಗಟ್ಟಿದ ಆ ಓಣಿಗಳಲ್ಲಿ ಹತ್ತಿ ಸೀರೆಯ ನೆರಿಗೆ ಎತ್ತಿ ಹಿಡಿದು, ಅಳತೆಪಟ್ಟಿಯ ಜೊತೆ ಅಂಗಡಿಯಿಂದ ಅಂಗಡಿಗೆ ನಡೆಯುತ್ತಿದ್ದರು. ಕೊನೆಗೆ ಒಬ್ಬ ವಯಸ್ಸಾದ ಸರ್ದಾರ್ಜಿ ಮಿಸ್ತ್ರಿ ದಾರಿ ತೋರಿಸಿದ: ಆ ಚಕ್ರವನ್ನು ಹುಡುಕುವುದು ಬಿಡಿ, ಚಕ್ರ ಕೂರುವ ಹಬ್ಬುಗಳನ್ನೇ ಬದಲಾಯಿಸಿ ಮಾರುತಿ ವ್ಯಾನಿನ ಚಕ್ರ ಹಾಕೋಣ. ಅದಾದರೆ ಕಾಶ್ಮೀರದಿಂದ ಕನ್ಯಾಕುಮಾರಿವರೆಗೆ ಯಾವ ಪಂಕ್ಚರ್ ಅಂಗಡಿಯಲ್ಲೂ ಸಿಗುತ್ತದೆ. ಮೇಡಂ ಮೂರು ಚಕ್ರ ತೆಗೆದುಕೊಂಡರು. ಎರಡು ಓಡಲು, ಒಂದು ಹೊರಲು.

ಆ ಮೂರನೆಯದನ್ನು ಎಲ್ಲಿ ಹೊರುವುದು ಎಂಬುದರ ಮೇಲೆ ಚರ್ಚೆ ಶುರುವಾಯಿತು. ಜೀಪಿನ ಹಾಗೆ ಹಿಂದಿನ ಗೋಡೆಗೆ ನೇತುಹಾಕೋಣ ಎಂದು ಮಿಸ್ತ್ರಿ. ಟ್ರೇಲರಿನ ಗೋಡೆ ತೆಳು ತಗಡು, ಅಲ್ಲಾಡಿ ಅಲ್ಲಾಡಿ ಬೋಲ್ಟು ಕಿತ್ತುಬರುತ್ತದೆ ಎಂದು ಇವರು. ತಳಕ್ಕೆ ಕಟ್ಟಿದರೆ ಕೆಸರಿನಲ್ಲಿ ಮಲಗಿ ಬಿಚ್ಚಬೇಕು. ಒಳಗಿಟ್ಟರೆ ರಬ್ಬರಿನ ವಾಸನೆಗೆ ತಮ್ಮ ಒಳಗೆ ಹೋಗುವುದಿಲ್ಲ. ಅದಲ್ಲದೆ ಹಿಂದೆ ಭಾರವಾದರೆ ಮೂತಿ ಹಗುರಾಗಿ, ಜೋರಾಗಿ ಹೋಗುವಾಗ ಬಾಲ ಆಡುತ್ತದೆ ಎಂದು ಅವರು ಎಲ್ಲೋ ಓದಿಕೊಂಡಿದ್ದರು. ಮಿಸ್ತ್ರಿ ನಂಬಲಿಲ್ಲ. ಆ ಭಾನುವಾರ ಅವನನ್ನೇ ನಮ್ಮ ಬ್ಲಾಕಿಗೆ ಕರೆಸಿ, ಮನೆಯಿಂದ ಮೈತೂಕ ನೋಡುವ ಯಂತ್ರ ತಂದು, ಇಟ್ಟಿಗೆಗಳ ಮೇಲೆ ಇಟ್ಟು, ಅದರ ಮೇಲೆ ಟ್ರೇಲರಿನ ಮೂತಿಯನ್ನು ಕೂರಿಸಿದರು. ಮುಳ್ಳು ಒಂದು ಕಡೆ ನಿಂತಿತು. ನನ್ನನ್ನು ಒಳಗೆ ಹೋಗಿ ಹಿಂದಿನ ಕಿಟಕಿಯ ಬಳಿ ಕೂರಲು ಹೇಳಿದರು. ಮುಳ್ಳು ಅರ್ಧಕ್ಕಿಂತ ಕೆಳಗಿಳಿಯಿತು. ಮಿಸ್ತ್ರಿ ಗಡ್ಡ ಸವರಿಕೊಂಡು, ‘ಠೀಕ್ ಹೈ ಬೆಹನ್‌ಜೀ, ಆಗೇ ಲಗಾತೇ ಹೈಂ’ ಎಂದ.

ಹಾಗೆ ಸ್ಟೆಪ್ನಿ ಮುಂದೆ ಬಂತು, ಟ್ರೇಲರಿಗೂ ಜೀಪಿಗೂ ನಡುವಿನ ಕಬ್ಬಿಣದ ತ್ರಿಕೋನದ ಮೇಲೆ. ಮೊದಲು ನೆಟ್ಟಗೆ ನಿಲ್ಲಿಸಿದ್ದರು. ಅದು ಮುಂದಿನ ಕಿಟಕಿಯ ಕೆಳಗಿನ ಅರ್ಧವನ್ನು ಮುಚ್ಚಿತು. ತಮ್ಮ ಆ ದಿನ ಸಂಜೆಯವರೆಗೆ ಗಾಜಿನ ಮೇಲೆ ಅಂಗೈ ಬಡಿಯುತ್ತ ಕುಳಿತ. ಮರುದಿನ ಮೇಡಂ ಅರ್ಧ ದಿನ ರಜೆ ಹಾಕಿ ಮತ್ತೆ ಮಾಯಾಪುರಿಗೆ ಎಳೆಸಿಕೊಂಡು ಹೋದರು. ಈ ಸಲ ಮಲಗಿಸಿ ಕೂರಿಸಿದರು. ನಡುವೆ ಒಂದು ದಪ್ಪ ಬೋಲ್ಟು, ಎರಡು ರೆಕ್ಕೆ ನಟ್ಟು, ಗಾಳಿ ತುಂಬುವ ಮೂಗು ಮೇಲ್ಮುಖ. ಚಕ್ರ ಬಿಚ್ಚದೆಯೇ ಗಾಳಿ ನೋಡಬಹುದು. ನೀರು ನಿಲ್ಲದಿರಲೆಂದು ಹಳೆಯ ಮಳೆಕೋಟಿನಿಂದ ಒಂದು ಟೋಪಿ ಹೊಲಿದು ತೊಡಿಸಿದರು. ತಿಂಗಳಲ್ಲೇ ಯಾರೋ ಅದನ್ನು ಟೋಪಿಯ ಸಮೇತ ಬಿಚ್ಚಿಕೊಂಡು ಹೋದರು. ಸ್ಟೆಪ್ನಿ ಕಳುವು ಆಗ ದೆಹಲಿಯಲ್ಲಿ ಹಾಲಿನ ಪ್ಯಾಕೆಟ್ ಕಳುವಿನಷ್ಟೇ ಮಾಮೂಲಿ. ಮೇಡಂ ಯಾರನ್ನೂ ಬಯ್ಯಲಿಲ್ಲ. ಇನ್ನೊಂದು ಚಕ್ರ ತಂದರು, ಇನ್ನೊಂದು ಟೋಪಿ ಹೊಲಿದರು, ಒಂದು ಬೀಗ ಹಾಕಿ ಬೀಗದ ಕೈಯನ್ನು ಸೆರಗಿನ ಪಿನ್ನಿಗೆ ಸಿಕ್ಕಿಸಿಕೊಂಡರು. ಕಚೇರಿಗೂ ಹಾಗೆಯೇ ಬರುತ್ತಿದ್ದರು.

ಆಮೇಲೆ ಪ್ರತಿ ಭಾನುವಾರ ಸಂಜೆ ಚಕ್ರ ಬದಲಾಯಿಸುವ ಅಭ್ಯಾಸ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೈಗಡಿಯಾರ ಬಿಚ್ಚಿ ಮೆಟ್ಟಿಲ ಮೇಲಿಟ್ಟು ಶುರು ಮಾಡುತ್ತಿದ್ದರು. ಆಚೆ ಚಕ್ರದ ಹಿಂದೆ ಮುಂದೆ ಕಲ್ಲು. ನೆಲದ ಮೇಲಿರುವಾಗಲೇ ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸುವುದು. ಜಾಕನ್ನು ಅಚ್ಚಿನ ಪಕ್ಕದ ದಪ್ಪ ಕಬ್ಬಿಣಕ್ಕೇ ಕೊಡುವುದು, ಟ್ರೇಲರನ್ನು ಅಲುಗದಂತೆ ನಿಲ್ಲಿಸುವ ಮೂಲೆಯ ಕಾಲುಗಳಿಗಲ್ಲ. ಮೊದಲ ಸಲ ನಲವತ್ತು ನಿಮಿಷ ಹಿಡಿಯಿತು. ಅಂಗೈಯಲ್ಲಿ ಬೊಬ್ಬೆ ಬಂತು. ನಾನು ಕೈಹಾಕಲು ಹೋದರೆ ಬೇಡವೆನ್ನುತ್ತಿದ್ದರು. ಬಾಲ್ಕನಿಗಳಲ್ಲಿ ಜನ ನಿಂತು ನೋಡುತ್ತಿದ್ದರು. ಬ್ಲಾಕಿನ ಸಂಘದವರು ಜಾಗ ಹಿಡಿದಿದೆ ಎಂದು ಒಂದು ದೂರೂ ಬರೆದರು. ಅರವತ್ತರ ಹತ್ತಿರದ ಹೆಂಗಸು ಗಡಿಯಾರ ಇಟ್ಟುಕೊಂಡು ಚಕ್ರ ಬಿಚ್ಚುವುದು, ಬಿಚ್ಚಿದ್ದನ್ನೇ ಹಾಕುವುದು. ನಾವು ಮನೆಯಲ್ಲಿ ಇದನ್ನು ನಗುತ್ತ ಆಡಿಕೊಂಡದ್ದುಂಟು. ಇಪ್ಪತ್ತೈದಾಯಿತು, ಹದಿನೆಂಟಾಯಿತು. ಹನ್ನೊಂದು ನಿಮಿಷಕ್ಕೆ ಬಂದ ದಿನ ಅವರು ಗಡಿಯಾರ ಕಟ್ಟಿಕೊಂಡು, ಇನ್ನು ಹೊರಡಬಹುದು ಎಂದರು.

ಮೊದಲ ಪ್ರಯಾಣ ಸೋಹನಾ ದಾರಿಯಲ್ಲಿ ದಮ್‌ದಮಾ ಕೆರೆಗೆ. ಜನವರಿಯ ಬಿಸಿಲು. ಇದಕ್ಕೆಂದೇ ಕೊಂಡಿದ್ದ ಹಳೆಯ ಡೀಸೆಲ್ ಜೀಪನ್ನು ಅವರೇ ಓಡಿಸುತ್ತಿದ್ದರು, ನಾನು ಪಕ್ಕದಲ್ಲಿ. ಹಿಂದಿನ ಸೀಟಿನಲ್ಲಿ ತಮ್ಮ ದಿಂಬು ತಬ್ಬಿಕೊಂಡು, ಕತ್ತು ಹೊರಳಿಸಿ ಟ್ರೇಲರನ್ನೇ ನೋಡುತ್ತ ಬರುತ್ತಿದ್ದ. ಗುಡಗಾಂವ್ ದಾಟಿ ಸ್ವಲ್ಪ ದೂರದಲ್ಲಿ, ಮಧ್ಯಾಹ್ನ ಒಂದೂವರೆಗೆ, ಟ್ರೇಲರಿನ ಎಡ ಟೈರು ಸಿಡಿಯಿತು. ಮೇಡಂ ಬ್ರೇಕು ತುಳಿಯದೆ ವೇಗ ಇಳಿಸಿ, ಮುಚ್ಚಿದ ಇಟ್ಟಿಗೆ ಭಟ್ಟಿಯೊಂದರ ಮುಂದೆ ನಿಲ್ಲಿಸಿದರು. ನಾವು ಇಳಿಯುವಷ್ಟರಲ್ಲಿ ತಮ್ಮ ಇಳಿದು, ಟ್ರೇಲರಿನ ಬಾಗಿಲು ತೆಗೆದು, ತನ್ನ ಹಾಸಿಗೆಯಲ್ಲಿ ಮಲಗಿಬಿಟ್ಟಿದ್ದ.

ಅವರು ಬಾಗಿಲಲ್ಲಿ ನಿಂತು ಒಂದೇ ಸಲ ಕೇಳಿದರು.

“ತಮ್ಮಾ, ಸ್ವಲ್ಪ ಹೊತ್ತು ಹೊರಗೆ ಬರ್ತೀಯಾ?”

ಅವನು ಗೋಡೆಯ ಕಡೆ ತಿರುಗಿದ. ಮೇಡಂ ಎರಡನೆಯ ಸಲ ಕೇಳಲಿಲ್ಲ. ಅವನು ಒಳಗಿರುವಾಗಲೇ ಜಾಕ್ ಕೊಡೋಣವೇ ಎಂದು ನಾನು ಕೇಳಿದೆ. ಅವನು ಮಗ್ಗುಲು ಬದಲಿಸಿದರೆ ಜಾಕ್ ಜಾರುತ್ತದೆ ಎಂದರು. ಸ್ಟೆಪ್ನಿಯನ್ನಾದರೂ ಬಿಚ್ಚಿಟ್ಟುಕೊಳ್ಳೋಣ ಎಂದೆ. ಈಗ ಬೇಡ, ಅಲುಗಾಡಿದರೆ ಗಾಬರಿಯಾಗುತ್ತಾನೆ, ನಾಲ್ಕು ಗಂಟೆಗೆ ಅವನೇ ಚಹಾಕ್ಕೆ ಬರುತ್ತಾನೆ ಎಂದು ಜೀಪಿನಿಂದ ಎರಡು ಮಡಚುವ ಕುರ್ಚಿ, ಅವನ ಸ್ಟೀಲ್ ಕುರ್ಚಿ ಇಳಿಸಿದರು.

ಎರಡೂವರೆ ಗಂಟೆ ನಾವು ರಸ್ತೆಯ ಪಕ್ಕ ಕುಳಿತಿದ್ದೆವು. ಟ್ರ್ಯಾಕ್ಟರಿನಲ್ಲಿ ಬಂದ ನಾಲ್ಕು ಜನ ನಿಂತು, ಒಳಗಿರುವವನನ್ನು ಎತ್ತಿ ಹೊರಗೆ ಕೂರಿಸುತ್ತೇವೆ, ಎರಡು ನಿಮಿಷದ ಕೆಲಸ ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಮೇಡಂ ಕೈಮುಗಿದು ಅವರನ್ನು ಕಳಿಸಿದರು. ಲಾರಿಗಳು ಹೋದಾಗಲೆಲ್ಲ ಧೂಳು ಬಂದು ಕೂರುತ್ತಿತ್ತು. ಮೂರು ಗಂಟೆಯ ಹೊತ್ತಿಗೆ, ಕಚೇರಿಯಲ್ಲಿ ಕಡತ ಕೇಳುವ ಅದೇ ದನಿಯಲ್ಲಿ, ಅವರು ಕೇಳಿದರು.

“ನನಗೇನಾದರೂ ಆದರೆ ಇವನನ್ನು ನೀವು ನೋಡಿಕೊಳ್ತೀರಾ?”

“ಅದೆಲ್ಲ ಈಗ ಯಾಕೆ ಮೇಡಂ? ನಿಮಗೇನಾಗುತ್ತೆ? ಎಲ್ಲ ಆಗುತ್ತೆ ಬಿಡಿ.”

ಅವರು ನನ್ನನ್ನು ನೋಡಿದರು. ಯಾರು ಮಾಡುತ್ತಾರೆ ಎಂದು ಈಗ ಕೇಳುತ್ತಾರೆ ಎಂದುಕೊಂಡೆ. ಕೇಳಲಿಲ್ಲ. “ಅಚ್ಛಾ,” ಎಂದು ಗಡಿಯಾರ ನೋಡಿಕೊಂಡರು. “ಇನ್ನು ಐವತ್ತು ನಿಮಿಷ ಇದೆ.”

ನನಗೆ ಕಾರಣಗಳಿದ್ದವು. ಎರಡು ಕೋಣೆಯ ಮನೆ, ಬೆಳೆಯುವ ಮಗಳು, ಹೆಂಡತಿಯ ಆರೋಗ್ಯ. ಯಾರನ್ನು ಕೇಳಿದರೂ ನ್ಯಾಯ ಎನ್ನುವಂಥವು. ಆದರೆ ಅವುಗಳಲ್ಲಿ ಒಂದನ್ನೂ ನಾನು ಅವರಿಗೆ ಹೇಳಲಿಲ್ಲ. ಅವರು ಮತ್ತೆ ಕೇಳದಿದ್ದುದಕ್ಕೆ ಒಳಗೊಳಗೇ ಹಗುರವಾಯಿತು. ಅದನ್ನೂ ಬರೆಯಬೇಕು.

ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಅವರು ಸ್ಟವ್ ಹಚ್ಚಿ ಚಹಾ ಮಾಡಿದರು. ನಾಲ್ಕಕ್ಕೆ ಸರಿಯಾಗಿ ತಮ್ಮ ಇಳಿದು ಬಂದ. ಕುರ್ಚಿಯಲ್ಲಿ ಕುಳಿತು, ಎರಡೂ ಕೈ ಚಾಚಿ ಲೋಟ ತೆಗೆದುಕೊಂಡ. ಲೋಟ ಅವನ ಕೈಗೆ ಸೇರಿದ್ದೇ ಮೇಡಂ ಸೆರಗು ಸಿಕ್ಕಿಸಿ ಎದ್ದರು. ಕಲ್ಲು, ಬೀಗ, ರೆಕ್ಕೆ ನಟ್ಟು, ಸ್ಟೆಪ್ನಿ ನೆಲಕ್ಕೆ, ಸ್ಪ್ಯಾನರು, ಜಾಕು. ಒಂದು ಚಲನೆಯೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಅವನು ಒಂದೊಂದೇ ಗುಟುಕು ಆರಿಸಿಕೊಂಡು ಕುಡಿಯುತ್ತಿದ್ದ. ಅವನಿಗೆ ಒಂದು ಲೋಟ ಚಹಾ ಮುಗಿಸಲು ಹನ್ನೆರಡು ನಿಮಿಷ ಬೇಕು ಎಂಬುದು ನನಗೆ ಹೊಳೆದದ್ದು ಆಗ. ಅಷ್ಟು ಭಾನುವಾರಗಳ ಅಭ್ಯಾಸ ಯಾವುದಕ್ಕೆಂದು ತಿಳಿದದ್ದೂ ಆಗಲೇ. ಅವನು ಖಾಲಿ ಲೋಟ ನೀಡುವಾಗ ಟ್ರೇಲರ್ ಹೊಸ ಚಕ್ರದ ಮೇಲೆ ನಿಂತಿತ್ತು. ಅವರು ಮಸಿಗೈಯಲ್ಲೇ ಲೋಟ ಇಸಿದುಕೊಂಡರು. ಅವನು ಒಳಗೆ ಹೋಗಿ ಮಲಗಿದ, ಏನೂ ಆಗದ ಹಾಗೆ. ಆಮೇಲೆ ಕೈ ತೊಳೆದುಕೊಳ್ಳುತ್ತ, ನೀವು ಚಹಾ ಕುಡಿದಿರಾ ಎಂದು ನನ್ನನ್ನು ಕೇಳಿದರು. ಸಿಡಿದ ಟೈರನ್ನು ಜೀಪಿಗೆ ಹಾಕಿಕೊಂಡು ಕೆರೆಯ ದಾರಿ ಬಿಟ್ಟು ಹಿಂದಿರುಗಿದೆವು. ಸ್ಟೆಪ್ನಿ ಇಲ್ಲದೆ ಮುಂದೆ ಹೋಗುವುದು ಬೇಡ ಎಂದರು.

ನಿವೃತ್ತಿಯ ನಂತರದ ಚಳಿಗಾಲದಲ್ಲಿ ಅವರು ದೆಹಲಿ ಬಿಟ್ಟರು. ಧಾರವಾಡದ ಹೊರಗೆ ವಯಸ್ಸಾದ ವೈದ್ಯ ದಂಪತಿ ತಮ್ಮನಂಥವರಿಗಾಗಿ ನಡೆಸುವ ಸಣ್ಣದೊಂದು ವಸತಿಯನ್ನು ಪತ್ರ ಬರೆದು ಬರೆದು ಹುಡುಕಿಕೊಂಡಿದ್ದರು. ಟ್ರೇಲರನ್ನು ಅಂಗಳದಲ್ಲಿ ನಿಲ್ಲಿಸಿ ಅವನನ್ನು ಅದರಲ್ಲೇ ಇರಿಸಲು ಆ ದಂಪತಿ ಒಪ್ಪಿದ್ದರು. ಮೇಡಂ ಒಬ್ಬ ಡ್ರೈವರನ್ನು ಗೊತ್ತು ಮಾಡಿಕೊಂಡು ಬೆಳಿಗ್ಗೆ ಹೊರಟರು. ನಾನು ಗೇಟಿನವರೆಗೆ ಹೋದೆ. ತಮ್ಮ ಹಿಂದಕ್ಕೆ ತಿರುಗಿ ಟ್ರೇಲರ್ ನೋಡುತ್ತಿದ್ದ, ನಮ್ಮನ್ನಲ್ಲ. ಹದಿನೈದು ದಿನಕ್ಕೆ ಒಂದು ಕಾರ್ಡು ಬಂತು: “ತಲುಪಿದೆವು. ಗ್ವಾಲಿಯರ್ ಹತ್ತಿರ ಒಂದು ಚಕ್ರ ಬದಲಾಯಿಸಿದೆ. ಝಾನ್ಸಿಯಲ್ಲಿ ಬೇರೆ ಸ್ಟೆಪ್ನಿ ತೆಗೆದುಕೊಂಡೆ. ಉಣ್ಣುತ್ತಿದ್ದಾನೆ.” ಮುಂದಿನ ಐದು ವರ್ಷದಲ್ಲಿ ಇನ್ನೆರಡು ಕಾರ್ಡು. ಒಮ್ಮೆ ಹೋಗಿ ಬರೋಣ ಎಂದು ನಾನೂ ನನ್ನ ಹೆಂಡತಿಯೂ ಪ್ರತಿ ಬೇಸಿಗೆಯಲ್ಲಿ ಅಂದುಕೊಂಡೆವು.

ಹೋದ ವಾರ ಫೋನ್ ಮಾಡಿದವರು ಆ ವೈದ್ಯೆ. ಮೇಡಂ ತೀರಿಕೊಂಡು ಒಂಬತ್ತು ದಿನವಾಯಿತು, ಹೊಟ್ಟೆಯ ಕ್ಯಾನ್ಸರು, ಎರಡು ವರ್ಷದ ಹಿಂದೆಯೇ ಗೊತ್ತಾಗಿತ್ತು ಎಂದರು. ನಾನು ತಮ್ಮನ ಬಗ್ಗೆ ಕೇಳಿದೆ. ಊಟ ಬಿಟ್ಟಿದ್ದಾನೆಯೇ ಎಂದೆ.

“ಇಲ್ರೀ. ಆವತ್ತೂ ಊಟ ಮಾಡಿದ್ರು. ಅಕ್ಕನ್ನ ಕೇಳಲಿಲ್ಲ.”

ಆಮೇಲೆ ಆಕೆ ವಿವರ ಹೇಳಿದರು. ಕಾಯಿಲೆ ತಿಳಿದ ತಿಂಗಳೇ ಮೇಡಂ ಟ್ರೇಲರಿನಿಂದ ತಾವು ಮಲಗುತ್ತಿದ್ದ ಹಾಸಿಗೆ ತೆಗೆಸಿ, ರಸ್ತೆಯಾಚೆ ಒಂದು ಕೋಣೆ ಬಾಡಿಗೆಗೆ ಹಿಡಿದರಂತೆ. ಮೊದಲು ದಿನಾ ಎರಡು ಹೊತ್ತು ಬರುತ್ತಿದ್ದರು. ಆಮೇಲೆ ಒಂದು ಹೊತ್ತು. ಆಮೇಲೆ ಎರಡು ದಿನಕ್ಕೊಮ್ಮೆ, ವಾರಕ್ಕೊಮ್ಮೆ. ಬಡಿಸುವ ಕೆಲಸವನ್ನು ಅಲ್ಲಿಯ ಒಬ್ಬ ಹೆಂಗಸಿಗೆ ಸ್ವಲ್ಪ ಸ್ವಲ್ಪವಾಗಿ ಒಪ್ಪಿಸಿದರು. ಕೊನೆಯ ಮೂರು ತಿಂಗಳು ಅವನ ಮುಂದೆ ಬರಲೇ ಇಲ್ಲ. ಆ ಕೋಣೆಯ ಕಿಟಕಿಯಿಂದ ಅಂಗಳ ಕಾಣುತ್ತಿತ್ತು. ಅಲ್ಲಿ ಕುರ್ಚಿ ಹಾಕಿಕೊಂಡು ನೋಡುತ್ತಿದ್ದರು. ಕಡೆಗೆ ಕೂರಲು ಆಗದಿದ್ದಾಗ ಮಂಚವನ್ನೇ ಕಿಟಕಿಗೆ ಸರಿಸಿಕೊಟ್ಟೆವು ಎಂದರು ಆಕೆ.

ನನ್ನ ನಂಬರು ಹೇಗೆ ಸಿಕ್ಕಿತು ಎಂದು ಕೇಳಿದೆ. ಆಕೆ ಹೇಳಿದರು.

“ಅವರ ಡೈರಿ ಒಳಗ ಒಂದು ಹಾಳಿ ಇತ್ತು. ‘ನನ್ನ ನಂತರ’ ಅಂತ ಬರೆದು ಕೆಳಗೆ ನಿಮ್ಮ ಹೆಸರು, ನಂಬರು. ಅದನ್ನ ಹೊಡೆದಂಗ ಒಂದು ಗೆರಿ ಎಳೆದು, ಕೆಳಗೆ ನನ್ನ ಹೆಸರು ಬರೆದಿದ್ರು. ಗೆರಿ ಎಳೆದದ್ದು ಹಳೇದು ಕಾಣಿಸ್ತದ, ಆದರೂ ತಿಳಿಸೋಣ ಅನ್ನಿಸಿತು.”

ತಿಳಿಸಿದ್ದು ಒಳ್ಳೆಯದಾಯಿತು ಎಂದೆ. ಆಕೆ ಫೋನ್ ಇಟ್ಟ ಮೇಲೆ ನನ್ನ ಹೆಂಡತಿ ಯಾರದು ಎಂದು ಒಳಗಿನಿಂದ ಕೇಳಿದಳು. ಧಾರವಾಡದಿಂದ ಎಂದೆ. ಅವಳು ಬಂದು ಮುಂದಿನ ಮಾತಿಗೆ ಕಾಯುತ್ತ ನಿಂತಳು. ನಾನು ಆ ವೈದ್ಯೆ ಹೇಳಿದ್ದನ್ನೆಲ್ಲ ಮೊದಲಿನಿಂದ ಹೇಳಿದೆ, ಗೆರೆಯ ಮಾತೊಂದನ್ನು ಬಿಟ್ಟು.